ನೆಟ್ ನಿಂತಿದೆಯೇ? ಎಲ್ಲಿ ಕಡಿದಿದೆ ಎಂದು ಮೊದಲು ಹುಡುಕಿ

ಮನೆಯ ಕಂಪ್ಯೂಟರಿನಲ್ಲಿ ನೆಟ್ ನಿಂತ ಕೂಡಲೇ ಹೆಚ್ಚಿನವರು ರೌಟರ್ ಆಫ್ ಮಾಡಿ ಆನ್ ಮಾಡುತ್ತಾರೆ. ಅದಕ್ಕೂ ಬಗ್ಗದಿದ್ದರೆ ಹಿಂಬದಿಯ ಸಣ್ಣ ತೂತಿಗೆ ಪಿನ್ ಚುಚ್ಚಿ ರಿಸೆಟ್ ಮಾಡುತ್ತಾರೆ. ಆಫ್-ಆನ್‌ನಿಂದ ನಷ್ಟವೇನಿಲ್ಲ. ರಿಸೆಟ್ ಮಾತ್ರ ಬೇಡ. ನೆಟ್ ಕೊಟ್ಟವರು ಡಬ್ಬಿಯೊಳಗೆ ಹಾಕಿಹೋದ ಪಿಪಿಪಿಒಇ (ಕಂಪನಿಯ ಸರ್ವರಿಗೆ ಲಾಗಿನ್ ಆಗುವ) ಯೂಸರ್‌ನೇಮ್, ಪಾಸ್‌ವರ್ಡ್, ಲೈನಿಗೆ ಕಂಪನಿ ಗೊತ್ತುಮಾಡಿದ ವಿಲ್ಯಾನ್ ಸಂಖ್ಯೆ ಎಲ್ಲವೂ ಅದರಿಂದ ಅಳಿಸಿಹೋಗಬಹುದು. ಆಮೇಲೆ ಲೈನ್ ಸರಿಯಾಗಿದ್ದರೂ ಯಾರಾದರೂ ಬಂದು ಮತ್ತೆ ತುಂಬಿಸುವ ತನಕ ಮನೆಮಂದಿಗೆಲ್ಲ ನೆಟ್ ಇರುವುದಿಲ್ಲ. ಕಂಪ್ಯೂಟರಿನ ಒಂದು ಸೆಟ್ಟಿಂಗ್ ಕೆಟ್ಟಿದ್ದಕ್ಕೆ ಇಡೀ ಮನೆಯ ಸಂಪರ್ಕವನ್ನು ಕಳೆದುಕೊಂಡಂತಾಗುತ್ತದೆ.

ಈ ಬರಹ ಈಗ ನಮ್ಮ ಊರುಗಳಲ್ಲಿ ಹೆಚ್ಚಾಗಿರುವ ಫೈಬರ್ ಸಂಪರ್ಕ ಮತ್ತು ವಿಂಡೋಸ್ 10 ಅಥವಾ 11 ಇರುವ ಕಂಪ್ಯೂಟರನ್ನು ಕುರಿತದ್ದು. ದಾರಿಯನ್ನು ಮೂರು ತುಂಡು ಮಾಡಿಕೊಳ್ಳಿ. ಮೊದಲನೆಯದು ಕಂಪ್ಯೂಟರಿನ ಒಳಗು. ಎರಡನೆಯದು ಕಂಪ್ಯೂಟರಿನಿಂದ ರೌಟರಿನವರೆಗಿನ ವೈರ್ ಅಥವಾ ವೈಫೈ. ಮೂರನೆಯದು ರೌಟರಿನಿಂದ ಹೊರಗೆ ಕಂಬಕ್ಕೆ ಹೋಗುವ ಫೈಬರ್. ತೊಂದರೆ ಯಾವ ತುಂಡಿನಲ್ಲಿದೆ ಎಂದು ಗೊತ್ತಾಗುವವರೆಗೆ ಯಾವ ಸೆಟ್ಟಿಂಗನ್ನೂ ಮುಟ್ಟಬೇಡಿ. ಗೊತ್ತಾದ ಮೇಲೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಿ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಸರಿಹೋದದ್ದು ಯಾವುದರಿಂದ ಎಂದೂ ತಿಳಿಯುವುದಿಲ್ಲ, ಹೊಸದಾಗಿ ಕೆಟ್ಟದ್ದು ಯಾವುದರಿಂದ ಎಂದೂ ತಿಳಿಯುವುದಿಲ್ಲ.

ಮೊದಲ ಎರಡು ನಿಮಿಷ: ಫೋನು ಮತ್ತು ದೀಪಗಳು

ನಿಮ್ಮ ಫೋನಿನಲ್ಲಿ ಮೊಬೈಲ್ ಡೇಟಾ ಆಫ್ ಮಾಡಿ, ಮನೆಯ ವೈಫೈಗೆ ಸೇರಿಸಿ, ಇವತ್ತು ತೆರೆಯದ ಯಾವುದಾದರೂ ಸೈಟ್ ತೆರೆಯಿರಿ. ಡೇಟಾ ಆಫ್ ಮಾಡುವುದನ್ನು ಮರೆಯಬೇಡಿ. ವೈಫೈಯಲ್ಲಿ ನೆಟ್ ಇಲ್ಲದಾಗ ಫೋನು ಸದ್ದಿಲ್ಲದೆ ಸಿಮ್ಮಿನ ಡೇಟಾ ಬಳಸಿಕೊಳ್ಳುತ್ತದೆ, ನೀವು ವೈಫೈ ಚೆನ್ನಾಗಿದೆ ಎಂದುಕೊಳ್ಳುತ್ತೀರಿ. ಫೋನಿನಲ್ಲಿ ನೆಟ್ ಬಂದರೆ ರೌಟರೂ ಲೈನೂ ಸರಿಯಾಗಿವೆ, ತೊಂದರೆ ಕಂಪ್ಯೂಟರಿನದ್ದು ಅಥವಾ ಅದರ ವೈರಿನದ್ದು. ಫೋನಿನಲ್ಲೂ ಬಾರದಿದ್ದರೆ ಕಂಪ್ಯೂಟರನ್ನು ಬಿಟ್ಟು ಡಬ್ಬಿಯ ಮುಂದೆ ಹೋಗಿ ನಿಲ್ಲಿ.

ಫೈಬರ್ ಬಂದು ಸೇರುವ ಡಬ್ಬಿಯನ್ನು ಓಎನ್‌ಟಿ ಎನ್ನುತ್ತಾರೆ. ಹಲವು ಮನೆಗಳಲ್ಲಿ ಅದರಲ್ಲೇ ವೈಫೈ ರೌಟರೂ ಸೇರಿರುತ್ತದೆ. ಅದರ ಮೇಲೆ ನೋಡಬೇಕಾದ ದೀಪಗಳು ಮುಖ್ಯವಾಗಿ ಮೂರು.

ಎಲ್‌ಓಎಸ್ ದೀಪ ಕೆಂಪಗೆ ಮಿನುಗುತ್ತಿದ್ದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ, ಅಥವಾ ಸಾಲುವಷ್ಟು ಬರುತ್ತಿಲ್ಲ. ಈ ದೀಪ ಆರಿರುವುದೇ ಒಳ್ಳೆಯ ಲಕ್ಷಣ. ಪಿಓಎನ್ ದೀಪ ಸ್ಥಿರವಾಗಿ ಹಸಿರಾಗಿರಬೇಕು. ಎಲ್‌ಓಎಸ್ ಆರಿದ್ದು ಪಿಓಎನ್ ಮಾತ್ರ ಮಿನುಗುತ್ತಲೇ ಇದ್ದರೆ ಬೆಳಕು ಬರುತ್ತಿದೆ, ಆದರೆ ಆ ಕಡೆಯ ಯಂತ್ರ ನಿಮ್ಮ ಡಬ್ಬಿಯನ್ನು ಒಪ್ಪಿಕೊಳ್ಳುತ್ತಿಲ್ಲ ಎಂದರ್ಥ. ಇದಕ್ಕೆ ಮನೆಯಲ್ಲಿ ಮದ್ದಿಲ್ಲ, ದೂರು ಕೊಡಬೇಕು. ಪಿಓಎನ್ ಸರಿಯಿದ್ದು ಇಂಟರ್ನೆಟ್ ದೀಪ ಕೆಂಪಾಗಿದ್ದರೆ ಅಥವಾ ಆರಿದ್ದರೆ, ಲೈನ್ ಚೆನ್ನಾಗಿದೆ, ಲಾಗಿನ್ ಆಗಿಲ್ಲ. ಇಲ್ಲಿ ಮೊದಲು ನೋಡಬೇಕಾದದ್ದು ಪ್ಲಾನಿನ ವ್ಯಾಲಿಡಿಟಿ ಮುಗಿದಿದೆಯೇ ಎಂದು. ಹಣ ಕಟ್ಟಿದ್ದು ಸರಿಯಿದ್ದರೆ ಡಬ್ಬಿಯನ್ನು ಸ್ವಿಚ್ಚಿನಲ್ಲೇ ಆರಿಸಿ ಹತ್ತು ನಿಮಿಷ ಬಿಟ್ಟು ಹಾಕಿ. ಕರೆಂಟು ಹೋಗಿ ಬಂದಾಗ ಆ ಕಡೆಯ ಸರ್ವರಿನಲ್ಲಿ ನಿಮ್ಮ ಹಳೆಯ ಸೆಷನ್ ಇನ್ನೂ ತೆರೆದೇ ಇದ್ದರೆ ಹೊಸ ಲಾಗಿನ್ ತಿರಸ್ಕಾರವಾಗುತ್ತದೆ. ಹತ್ತು ಸೆಕೆಂಡಿನ ಆಫ್-ಆನ್ ಅದಕ್ಕೆ ಸಾಲದು. ರೌಟರನ್ನೇ ಹೊಸದಾಗಿ ಬದಲಿಸಿದ ದಿನ ಹೀಗಾದರೆ, ನಿಮ್ಮ ಖಾತೆಗೆ ಹಳೆಯ ರೌಟರಿನ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಕಟ್ಟಿಹಾಕಿರಬಹುದು. ಹೊಸ ಡಬ್ಬಿಯ ಅಡಿಯ ಚೀಟಿಯಲ್ಲಿರುವ ಮ್ಯಾಕ್ ಸಂಖ್ಯೆಯನ್ನು ಆಪರೇಟರಿಗೆ ಓದಿ ಹೇಳಿ.

ಎಲ್ಲ ದೀಪಗಳೂ ಒಟ್ಟಿಗೆ ಆರಿ ಒಟ್ಟಿಗೆ ಹೊತ್ತುತ್ತಿದ್ದರೆ, ಅದೂ ದಿನಕ್ಕೆ ಹಲವು ಸಲ, ಅಡಾಪ್ಟರ್ ಸಾಯುತ್ತಿದೆ ಎಂದು ತಿಳಿಯಿರಿ. ಇದನ್ನು ಎಷ್ಟೋ ಜನ ಲೈನ್ ತೊಂದರೆ ಎಂದು ತಿಂಗಳುಗಟ್ಟಲೆ ಸಹಿಸುತ್ತಾರೆ. ಹೆಚ್ಚಿನ ಡಬ್ಬಿಗಳು 12 ವೋಲ್ಟಿನವು. ಹೊಸ ಅಡಾಪ್ಟರಿನ ವೋಲ್ಟ್ ಹಳೆಯದಕ್ಕೆ ಸರಿಸಮ ಇರಬೇಕು, ಆಂಪಿಯರ್ ಸಮ ಅಥವಾ ಹೆಚ್ಚಿರಬಹುದು. 1 ಆಂಪಿಯರ್ ಬೇಕಾದ ಕಡೆ 1.5 ಅಥವಾ 2 ಆಂಪಿಯರ್ ಹಾಕಿದರೆ ತೊಂದರೆಯಿಲ್ಲ, ಅರ್ಧ ಆಂಪಿಯರಿನದ್ದು ಹಾಕಿದರೆ ವೈಫೈ ಕೆಲಸ ಹೆಚ್ಚಾದಾಗೆಲ್ಲ ಡಬ್ಬಿ ರೀಸ್ಟಾರ್ಟ್ ಆಗುತ್ತದೆ. ಪಿನ್ನಿನ ಗಾತ್ರ ಕೂರಬೇಕು, ಒಳಗೆ ಪ್ಲಸ್, ಹೊರಗೆ ಮೈನಸ್ ಎಂಬ ಗುರುತು ಎರಡರಲ್ಲೂ ಒಂದೇ ಇರಬೇಕು.

ಫೈಬರಿನ ಕಡೆ ನೀವು ಮಾಡಬಹುದಾದ್ದು

ಎಲ್‌ಓಎಸ್ ಕೆಂಪಾಗಿದ್ದರೆ ಡಬ್ಬಿಯಿಂದ ಗೋಡೆಯವರೆಗಿನ ತೆಳ್ಳಗಿನ ಪ್ಯಾಚ್ ಕಾರ್ಡನ್ನು ಉದ್ದಕ್ಕೂ ಕಣ್ಣಾಡಿಸಿ. ಸೋಫಾದ ಕಾಲಿನಡಿ ಸಿಕ್ಕಿದೆಯೇ, ಕಿಟಕಿಯ ಸಂದಿಯಲ್ಲಿ ಹಿಸುಕಿದೆಯೇ, ಅಲ್ಮೇರಾ ಗೋಡೆಗೆ ಒತ್ತಿದಾಗ ಮೂಲೆಯಲ್ಲಿ ಮಡಚಿದೆಯೇ? ಫೈಬರ್ ಎಂದರೆ ಕೂದಲೆಳೆಯ ಗಾಜು. ಸುಮಾರು 3 ಸೆಂಟಿಮೀಟರ್ ತ್ರಿಜ್ಯಕ್ಕಿಂತ ಬಿಗಿಯಾಗಿ ಬಾಗಿಸಿದರೆ ಬೆಳಕು ಬಾಗಿದ ಜಾಗದಲ್ಲೇ ಸೋರಿಹೋಗುತ್ತದೆ, ಇನ್ನೂ ಬಗ್ಗಿಸಿದರೆ ಮುರಿಯುತ್ತದೆ. ಉಳಿದ ವೈರನ್ನು ಸುತ್ತಿ ಟ್ಯಾಗಿನಿಂದ ಬಿಗಿಯುವುದೂ ಇದೇ ತಪ್ಪು. ಸಡಿಲವಾದ ದೊಡ್ಡ ಸುತ್ತಾಗಿ ಬಿಡಿ.

ಹಸಿರು ತಲೆಯ ಕನೆಕ್ಟರ್ ಹಸಿರಿಗೆ, ನೀಲಿ ತಲೆಯದ್ದು ನೀಲಿಗೆ. ಹಸಿರಿನ ತುದಿಯನ್ನು 8 ಡಿಗ್ರಿ ಓರೆಯಾಗಿ ಉಜ್ಜಿರುತ್ತಾರೆ, ನೀಲಿಯದ್ದು ಹಾಗಿರುವುದಿಲ್ಲ. ಒಂದನ್ನು ಇನ್ನೊಂದಕ್ಕೆ ತುರುಕಿದರೆ ಕೂತಂತೆ ಕಂಡರೂ ನಡುವೆ ಸಂದಿ ಉಳಿದು ಬೆಳಕು ನಷ್ಟವಾಗುತ್ತದೆ. ಕನೆಕ್ಟರನ್ನು ಒಮ್ಮೆ ನೆಟ್ಟಗೆ ಒತ್ತಿ, ಟಕ್ ಎಂದು ಕೂರಲಿ. ಬಿಚ್ಚಲೇಬೇಕಾದರೆ ಮೊದಲು ಡಬ್ಬಿಯನ್ನು ಆರಿಸಿ, ಬಿಳಿ ತುದಿಯನ್ನು ಬೆರಳಿನಿಂದ ಮುಟ್ಟಬೇಡಿ, ಬಾಯಿಂದ ಊದಬೇಡಿ. ಬಿಚ್ಚಿದ ತುದಿಯನ್ನು ಕಣ್ಣಿನ ನೇರಕ್ಕೆ ಹಿಡಿದು ಇಣುಕಲೇಬಾರದು. ಅದರಲ್ಲಿ ಬರುವ ಲೇಸರ್ ಬೆಳಕು ಅವಗೆಂಪು, ಅಂದರೆ ಕಣ್ಣಿಗೆ ಕಾಣುವುದಿಲ್ಲ, ಆದರೂ ಕಣ್ಣಿಗೆ ಹಾನಿ ಮಾಡಬಲ್ಲದು. ಮಕ್ಕಳಿರುವ ಮನೆಯಲ್ಲಿ ಇದನ್ನು ಬಾಯಿಬಿಟ್ಟು ಹೇಳಿಡಿ.

ಬೆಳಕು ಎಷ್ಟು ಬರುತ್ತಿದೆ ಎಂದು ಅಳೆಯಲು ಉಪಕರಣ ಬೇಕಿಲ್ಲ. ಬ್ರೌಸರಿನಲ್ಲಿ 192.168.1.1 ಎಂದು ಹಾಕಿ ಡಬ್ಬಿಯ ಪುಟ ತೆರೆದು, ಸ್ಟೇಟಸ್ ಅಡಿಯಲ್ಲಿ ಆಪ್ಟಿಕಲ್ ಅಥವಾ ಆರ್‌ಎಕ್ಸ್ ಪವರ್ ಎಂಬ ಸಾಲು ಹುಡುಕಿ. ಪುಟದ ಲಾಗಿನ್ ಡಬ್ಬಿಯ ಅಡಿಯ ಚೀಟಿಯಲ್ಲೇ ಇರುವುದುಂಟು. ಅಲ್ಲಿನ ಅಂಕಿ ಮೈನಸ್ 15ರಿಂದ ಮೈನಸ್ 25 ಡಿಬಿಎಮ್ (ಬೆಳಕಿನ ಬಲದ ಅಳತೆ) ನಡುವೆ ಇದ್ದರೆ ನಿಶ್ಚಿಂತೆ. ಮೈನಸ್ 27 ದಾಟಿದರೆ ಡಬ್ಬಿಗೆ ಕಣ್ಣು ಮಂಜಾದಂತೆ, ಸಂಪರ್ಕ ಬಂದು ಬಂದು ಹೋಗುತ್ತದೆ. ಇಲ್ಲಿ 3 ಅಂಕಿ ಇಳಿದರೆ ಬೆಳಕು ಅರ್ಧವಾಯಿತು ಎಂದು ಲೆಕ್ಕ. ಹಾಗಾಗಿ ಸಂಪರ್ಕ ಚೆನ್ನಾಗಿರುವ ದಿನವೇ ಈ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಅಂದು ಮೈನಸ್ 19 ಇದ್ದದ್ದು ಇಂದು ಮೈನಸ್ 26 ಆಗಿದ್ದರೆ ದಾರಿಯಲ್ಲಿ ಜೋಡಣೆ ಸಡಿಲವಾಗಿದೆ, ನೀರು ಇಳಿದಿದೆ, ಇಲ್ಲವೇ ಕೊಂಬೆ ಬಿದ್ದು ವೈರ್ ಜಗ್ಗಿದೆ. ದೂರು ಕೊಡುವಾಗ ಈ ಎರಡು ಅಂಕಿ ಹೇಳಿದರೆ "ಒಮ್ಮೆ ಆಫ್ ಮಾಡಿ ಆನ್ ಮಾಡಿ ಸಾರ್" ಎಂಬ ಮಾತು ಅಲ್ಲಿಗೇ ನಿಲ್ಲುತ್ತದೆ.

ಕರೆಂಟು ಹೋದಾಗೆಲ್ಲ ನೆಟ್ ಹೋಗುತ್ತದೆ, ಡಬ್ಬಿಗೆ ಯುಪಿಎಸ್ ಇದ್ದರೂ ಹೋಗುತ್ತದೆ ಎಂದಾದರೆ ತಪ್ಪು ನಿಮ್ಮ ಮನೆಯದ್ದಲ್ಲ. ಕೆಲವು ಸ್ಥಳೀಯ ಆಪರೇಟರುಗಳು ಬೀದಿಯ ಪೆಟ್ಟಿಗೆಯಲ್ಲಿ ಕರೆಂಟು ಬೇಡುವ ಸ್ವಿಚ್ ಇಟ್ಟಿರುತ್ತಾರೆ. ಅಲ್ಲಿ ಬ್ಯಾಟರಿ ಇಲ್ಲದಿದ್ದರೆ ನಿಮ್ಮ ಯುಪಿಎಸ್ ಏನೂ ಮಾಡಲಾರದು.

ಫೋನಿನಲ್ಲಿ ಬರುತ್ತದೆ, ಕಂಪ್ಯೂಟರಿನಲ್ಲಿ ಇಲ್ಲ

ಸ್ಟಾರ್ಟ್ ಒತ್ತಿ ಸಿಎಂಡಿ ಎಂದು ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಅಲ್ಲಿ ಐಪಿಕಾನ್ಫಿಗ್ ಎಂದು (ಐ, ಪಿ, ಸಿ, ಓ, ಎನ್, ಎಫ್, ಐ, ಜಿ, ಎಂಟೂ ಅಕ್ಷರ ಕೂಡಿಸಿ) ಟೈಪ್ ಮಾಡಿ ಎಂಟರ್ ಕೊಡಿ. ಐಪಿವಿ4 ಅಡ್ರೆಸ್ ಮತ್ತು ಡಿಫಾಲ್ಟ್ ಗೇಟ್‌ವೇ ಎಂಬ ಎರಡು ಸಾಲು ನೋಡಿ. ಮೊದಲನೆಯದು ಕಂಪ್ಯೂಟರಿನ ವಿಳಾಸ, ಎರಡನೆಯದು ರೌಟರಿನದ್ದು.

ವಿಳಾಸ 192.168 ಎಂದು ಶುರುವಾಗಿ, ಗೇಟ್‌ವೇ ಸಾಲಿನಲ್ಲೂ ಅದೇ ಥರದ ಸಂಖ್ಯೆ ಇದ್ದರೆ ಕಂಪ್ಯೂಟರಿಗೆ ರೌಟರ್ ವಿಳಾಸ ಕೊಟ್ಟಿದೆ. 169.254 ಎಂದು ಶುರುವಾಗಿದ್ದರೆ ರೌಟರಿನಿಂದ ಉತ್ತರವೇ ಬರದೆ ವಿಂಡೋಸ್ ತಾನೇ ಒಂದು ಸಂಖ್ಯೆ ಹಾಕಿಕೊಂಡಿದೆ. ವಿಳಾಸವೇ ಕಾಣದೆ ಮೀಡಿಯಾ ಡಿಸ್ಕನೆಕ್ಟೆಡ್ ಎಂದಿದ್ದರೆ ವೈರ್ ಹಾಕಿಲ್ಲ ಅಥವಾ ವೈಫೈ ಸೇರಿಲ್ಲ.

ವಿಳಾಸ ಸರಿಯಾಗಿದ್ದರೆ ಮೂರು ಪಿಂಗ್ ಮಾಡಿ, ಅಂದರೆ ಆ ಕಡೆಯಿಂದ ಉತ್ತರ ಬರುತ್ತದೆಯೇ ಎಂದು ಕೇಳಿ ನೋಡಿ. ಅದೇ ಕಮಾಂಡ್ ಪ್ರಾಂಪ್ಟಿನಲ್ಲಿ ಪಿಂಗ್ (ಪಿ, ಐ, ಎನ್, ಜಿ) ಎಂದು ಟೈಪ್ ಮಾಡಿ, ಜಾಗ ಬಿಟ್ಟು ವಿಳಾಸ ಹಾಕಿ ಎಂಟರ್ ಕೊಡಿ, ಇದೇ ಕ್ರಮದಲ್ಲಿ:

1. ಪಿಂಗ್ 192.168.1.1 (ನಿಮ್ಮ ಗೇಟ್‌ವೇ ಸಂಖ್ಯೆ ಬೇರೆಯಿದ್ದರೆ ಅದನ್ನೇ ಹಾಕಿ)
2. ಪಿಂಗ್ 8.8.8.8 (ಹೊರಗಿರುವ ಗೂಗಲ್ ಸರ್ವರಿನ ವಿಳಾಸ)
3. ಪಿಂಗ್ ಗೂಗಲ್ ಡಾಟ್ ಕಾಮ್

ಮೊದಲನೆಯದಕ್ಕೇ ಉತ್ತರವಿಲ್ಲದಿದ್ದರೆ ಕಂಪ್ಯೂಟರಿಗೂ ರೌಟರಿಗೂ ನಡುವೆ ಕಡಿದಿದೆ. ಮೊದಲನೆಯದಕ್ಕೆ ಉತ್ತರ ಬಂದು ಎರಡನೆಯದಕ್ಕೆ ಬಾರದಿದ್ದರೆ ರೌಟರಿನಿಂದಾಚೆ. ಎರಡಕ್ಕೂ ಬಂದು ಮೂರನೆಯದು ಮಾತ್ರ ಬಾರದಿದ್ದರೆ ಡಿಎನ್‌ಎಸ್ ಕೆಟ್ಟಿದೆ, ಅಂದರೆ ಹೆಸರನ್ನು ಸಂಖ್ಯೆಗೆ ಬದಲಿಸಿಕೊಡುವ ಕೆಲಸ ನಿಂತಿದೆ. ಮೂರಕ್ಕೂ ಉತ್ತರ ಬಂದು ಬ್ರೌಸರಿನಲ್ಲಿ ಮಾತ್ರ ಪುಟ ತೆರೆಯದಿದ್ದರೆ ನೆಟ್ಟಿನ ತಪ್ಪಲ್ಲ, ಬ್ರೌಸರ್, ಪ್ರಾಕ್ಸಿ (ನೆಟ್ಟಿಗೂ ಕಂಪ್ಯೂಟರಿಗೂ ನಡುವೆ ಕೂರುವ ಸರ್ವರ್), ವಿಪಿಎನ್, ಆಂಟಿವೈರಸ್ ಅಥವಾ ಗಡಿಯಾರದ್ದು. ಈ ನಾಲ್ಕು ಸಾಲು ನೆನಪಿದ್ದರೆ ಅರ್ಧ ರಿಪೇರಿ ಮುಗಿದಂತೆಯೇ.

169.254 ಬಂದಾಗ ವೈರಿನಿಂದ ಶುರುಮಾಡಿ. ಕಂಪ್ಯೂಟರಿನ ಲ್ಯಾನ್ ಪೋರ್ಟಿನ ಪಕ್ಕದ ದೀಪ ಹೊತ್ತಿದೆಯೇ? ಇಲ್ಲದಿದ್ದರೆ ಅದೇ ವೈರನ್ನು ರೌಟರಿನ ಇನ್ನೊಂದು ಪೋರ್ಟಿಗೆ ಹಾಕಿ, ಆಮೇಲೆ ಬೇರೆ ವೈರ್ ಹಾಕಿ ನೋಡಿ. ಬಿಳಿ ಪ್ಲಾಸ್ಟಿಕ್ ತಲೆಯ ಕೊಂಡಿ ಮುರಿದ ವೈರ್ ಕೂತಂತೆ ಕಂಡರೂ ಅರ್ಧ ಮಿಲಿಮೀಟರ್ ಹಿಂದೆ ಸರಿದು ಕೈಕೊಡುತ್ತದೆ. ತಲೆ ಹೊಸದಾಗಿ ಹಾಕಿಸುವುದಾದರೆ ಎರಡೂ ತುದಿಯಲ್ಲಿ ಬಣ್ಣದ ಕ್ರಮ ಒಂದೇ ಇರಲಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ವೈರ್ ಸರಿಯಿದ್ದೂ ಗೇಟ್‌ವೇ ಸಿಗದಿದ್ದರೆ ಹಳೆಯ ಆಪರೇಟರ್ ಕೈಯಾರೆ ಹಾಕಿದ ಐಪಿ ಉಳಿದಿದೆಯೇ ನೋಡಿ. ಕಂಪನಿ ಬದಲಿಸಿದ ಮನೆಗಳಲ್ಲಿ ಇದು ಸಾಮಾನ್ಯ. ಕಂಪ್ಯೂಟರ್ 192.168.1.10 ಎಂದು ಹಿಡಿದು ಕೂತಿರುತ್ತದೆ, ಹೊಸ ರೌಟರ್ 192.168.0.1 ಆಗಿರುತ್ತದೆ, ಎರಡೂ ಒಂದನ್ನೊಂದು ನೋಡುವುದೇ ಇಲ್ಲ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್ನೆಟ್, ಈಥರ್ನೆಟ್ ಅಥವಾ ವೈಫೈ ಒಳಗೆ ಹೋಗಿ ಐಪಿ ಅಸೈನ್‌ಮೆಂಟ್ ಪಕ್ಕದ ಎಡಿಟ್ ಒತ್ತಿ ಆಟೋಮ್ಯಾಟಿಕ್ ಮಾಡಿ. ಮಹಡಿಗೆಂದು ಎರಡನೆಯ ರೌಟರ್ ಹಾಕಿದ ಮೇಲೆ ತೊಂದರೆ ಶುರುವಾಗಿದ್ದರೆ, ಎರಡೂ ರೌಟರುಗಳು ವಿಳಾಸ ಹಂಚುತ್ತಿರುತ್ತವೆ. ಎರಡನೆಯದರ ಪುಟದಲ್ಲಿ ಡಿಎಚ್‌ಸಿಪಿ ಆಫ್ ಮಾಡಿ, ಅದರ ಸ್ವಂತ ವಿಳಾಸವನ್ನು 192.168.1.2 ಎಂಬಂತೆ ಬೇರೆ ಮಾಡಿ, ವೈರನ್ನು ಅದರ ವ್ಯಾನ್ (ಹೊರಗಿನ ಲೈನಿನ) ಪೋರ್ಟಿಗಲ್ಲ, ಲ್ಯಾನ್ ಪೋರ್ಟಿಗೆ ಹಾಕಿ.

ಡಿಎನ್‌ಎಸ್ ಕೆಟ್ಟಿದ್ದರೆ ಅದೇ ಎಡಿಟ್ ಜಾಗದಲ್ಲಿ ಡಿಎನ್‌ಎಸ್ ಸರ್ವರ್ ಮ್ಯಾನುಯಲ್ ಮಾಡಿ ಐಪಿವಿ4 ಅಡಿಯಲ್ಲಿ 8.8.8.8 ಮತ್ತು 1.1.1.1 ಹಾಕಿ. ಆಫೀಸಿನ ಲ್ಯಾಪ್‌ಟಾಪಿನಲ್ಲಿ ಮಾತ್ರ ಐಟಿಯವರನ್ನು ಕೇಳದೆ ಇದನ್ನು ಮುಟ್ಟಬೇಡಿ, ಅವರ ಒಳಗಿನ ಸೈಟುಗಳು ತೆರೆಯದೆ ಹೋದಾವು.

ಪಿಂಗ್ ಎಲ್ಲ ಸರಿಯಿದ್ದೂ ಪುಟಗಳು ತೆರೆಯದಿದ್ದರೆ ಪರದೆಯ ಮೂಲೆಯ ತಾರೀಖು ನೋಡಿ. ಹಳೆಯ ಡೆಸ್ಕ್‌ಟಾಪುಗಳಲ್ಲಿ ಮದರ್‌ಬೋರ್ಡಿನ ನಾಣ್ಯದಾಕಾರದ ಬ್ಯಾಟರಿ ಸತ್ತಾಗ ಸ್ವಿಚ್ ಆರಿಸಿದ ಪ್ರತಿ ಸಲವೂ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗುತ್ತದೆ. ಸೈಟುಗಳ ಸುರಕ್ಷತಾ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆ ಎಂಬ ಅವಧಿ ಇರುವುದರಿಂದ, ತಪ್ಪು ತಾರೀಖಿನ ಕಂಪ್ಯೂಟರ್ ಎಲ್ಲ ಸೈಟನ್ನೂ ನಂಬಲರ್ಹವಲ್ಲ ಎಂದು ತಡೆಯುತ್ತದೆ. ಪ್ಲಗ್ ತೆಗೆದು, ಕ್ಯಾಬಿನೆಟ್ ಬಿಚ್ಚಿ, ಸಿಆರ್2032 ಎಂಬ 3 ವೋಲ್ಟಿನ ಬ್ಯಾಟರಿಯನ್ನು ಬರಹ ಇರುವ ಬದಿ ಮೇಲೆ ಬರುವಂತೆ ಹಾಕಿ. ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ತಾರೀಖು ಸರಿಯಿದ್ದರೆ ಸೆಟ್ಟಿಂಗ್ಸ್‌ನ ಪ್ರಾಕ್ಸಿಗೆ ಹೋಗಿ ಯೂಸ್ ಎ ಪ್ರಾಕ್ಸಿ ಸರ್ವರ್ ಆಫ್ ಇದೆಯೇ ನೋಡಿ. ಕಂಡಕಂಡ ಕಡೆಯಿಂದ ಉಚಿತ ಸಾಫ್ಟ್‌ವೇರ್ ಹಾಕಿಕೊಂಡ ಕಂಪ್ಯೂಟರುಗಳಲ್ಲಿ ಅದು ತಾನಾಗಿ ಆನ್ ಆಗಿರುವುದುಂಟು. ಆಫ್ ಮಾಡಿದ ಮೇಲೂ ಮತ್ತೆ ಮತ್ತೆ ಆನ್ ಆದರೆ ವೈರಸ್ ಹುಡುಕಬೇಕು.

ವಿಂಡೋಸ್ ಅಪ್‌ಡೇಟ್ ಆದ ಮರುದಿನ ವೈಫೈ ಗುರುತೇ ಮಾಯವಾಗಿದ್ದರೆ ಡ್ರೈವರ್ (ವೈಫೈ ಕಾರ್ಡನ್ನು ನಡೆಸುವ ಸಾಫ್ಟ್‌ವೇರ್) ಕಾರಣ. ನೆಟ್ ಇಲ್ಲದೆ ಡ್ರೈವರ್ ಇಳಿಸಿಕೊಳ್ಳುವುದು ಹೇಗೆ? ಫೋನನ್ನು ಚಾರ್ಜಿಂಗ್ ವೈರಿನಿಂದ ಕಂಪ್ಯೂಟರಿಗೆ ಸೇರಿಸಿ ಹಾಟ್‌ಸ್ಪಾಟ್ ಸೆಟ್ಟಿಂಗಿನಲ್ಲಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಫೋನಿನ ನೆಟ್ ಕಂಪ್ಯೂಟರಿಗೆ ಬರುತ್ತದೆ. ಇದು ಪರೀಕ್ಷೆಯೂ ಹೌದು: ಟೆದರಿಂಗಿನಲ್ಲಿ ಎಲ್ಲ ಚೆನ್ನಾಗಿ ತೆರೆದರೆ ವಿಂಡೋಸೂ ಬ್ರೌಸರೂ ಸರಿಯಾಗಿವೆ, ಕೆಟ್ಟದ್ದು ವೈಫೈ ಅಥವಾ ಲ್ಯಾನ್ ಕಾರ್ಡ್ ಮಾತ್ರ. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟರೆ ವೈಫೈ ಹೋಗುವ ಲ್ಯಾಪ್‌ಟಾಪುಗಳಲ್ಲಿ ಡಿವೈಸ್ ಮ್ಯಾನೇಜರ್ ತೆರೆದು, ವೈಫೈ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ಪವರ್ ಮ್ಯಾನೇಜ್‌ಮೆಂಟ್ ಪುಟದ ಮೊದಲ ಟಿಕ್ ತೆಗೆಯಿರಿ. ವಿದ್ಯುತ್ ಉಳಿಸಲು ಕಾರ್ಡನ್ನು ಆರಿಸಬಹುದು ಎಂಬ ಅನುಮತಿ ಅದು.

ಇಷ್ಟಕ್ಕೂ ಬಗ್ಗದಿದ್ದರೆ ಮಾತ್ರ ಅಡ್ವಾನ್ಸ್ಡ್ ನೆಟ್‌ವರ್ಕ್ ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ರಿಸೆಟ್. ಇದು ರೌಟರಿನ ರಿಸೆಟ್ ಅಲ್ಲ, ಕಂಪ್ಯೂಟರಿನದ್ದು. ವೈಫೈ ಪಾಸ್‌ವರ್ಡ್ ಮತ್ತೆ ಹಾಕಬೇಕಾಗುತ್ತದೆ, ವಿಪಿಎನ್ ಮತ್ತೆ ಜೋಡಿಸಬೇಕಾಗಬಹುದು, ಅಷ್ಟೆ.

ನೆಟ್ ಇದೆ, ತೆವಳುತ್ತಿದೆ

ವೇಗವನ್ನು ವೈಫೈಯಲ್ಲಿ ಅಳೆದು ಕಂಪನಿಯ ಮೇಲೆ ಹಾಯಬೇಡಿ. ಲ್ಯಾನ್ ವೈರ್ ಹಾಕಿ, ಉಳಿದ ಫೋನು-ಟಿವಿಗಳನ್ನು ಬಿಡಿಸಿ, ಆಗ ಅಳೆಯಿರಿ. 100 ಎಂಬಿಪಿಎಸ್ ಪ್ಲಾನಿನಲ್ಲಿ ಡೌನ್‌ಲೋಡ್ ಪಟ್ಟಿಯಲ್ಲಿ ಸೆಕೆಂಡಿಗೆ ಸುಮಾರು 12 ಮೆಗಾಬೈಟ್ ಕಂಡರೆ ಅದು ಪೂರ್ತಿ ವೇಗವೇ, ಎಂಟು ಬಿಟ್ಟಿಗೆ ಒಂದು ಬೈಟ್. ತಿಂಗಳ ಕೊನೆಯಲ್ಲಿ ಮಾತ್ರ ನಿಧಾನವಾದರೆ ಪ್ಲಾನಿನ ಡೇಟಾ ಮಿತಿ ಮುಗಿದಿರುತ್ತದೆ.

200 ಅಥವಾ 300ರ ಪ್ಲಾನ್ ಇದ್ದು ವೈರಿನಲ್ಲಿ ಸರಿಯಾಗಿ 90ರ ಆಸುಪಾಸಿಗೆ ನಿಂತರೆ ಲೈನನ್ನು ಬಯ್ಯಬೇಡಿ. ಈಥರ್ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ 100/100 ಎಂದಿರುತ್ತದೆ. 1000ಕ್ಕೆ ವೈರಿನ ನಾಲ್ಕೂ ಜೊತೆ ಎಳೆಗಳು ಬೇಕು, ಒಂದು ಎಳೆ ಕಡಿದರೂ ಯಂತ್ರ 100ಕ್ಕೆ ಇಳಿದುಬಿಡುತ್ತದೆ. ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಂದು ಮೈಮೇಲೆ ಬರೆದ ವೈರ್ ಹಾಕಿ. ಓಎನ್‌ಟಿಯ ಎಲ್ಲ ಪೋರ್ಟುಗಳೂ ಗಿಗಾಬಿಟ್ ಇರಬೇಕೆಂದಿಲ್ಲ, ಕೆಲವು ಡಬ್ಬಿಗಳಲ್ಲಿ ಒಂದೇ ಇರುತ್ತದೆ.

ವೈಫೈಯಲ್ಲಿ 5 ಗಿಗಾಹರ್ಟ್ಸ್ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಕರಾವಳಿಯ ಕೆಂಪುಕಲ್ಲಿನ ದಪ್ಪ ಗೋಡೆ, ಕಬ್ಬಿಣ ತುಂಬಿದ ಆರ್‌ಸಿಸಿ ತಾರಸಿ ಎರಡೂ ಅದನ್ನು ಬಲವಾಗಿ ತಡೆಯುತ್ತವೆ. ಕಂಪ್ಯೂಟರ್ ಅದೇ ಕೋಣೆಯಲ್ಲಿದ್ದರೆ 5, ಎರಡು ಗೋಡೆಯಾಚೆ ಇದ್ದರೆ 2.4. ಅಪಾರ್ಟ್‌ಮೆಂಟಿನಲ್ಲಿ 2.4ರ ಚಾನೆಲ್ 1, 6, 11ರಲ್ಲಿ ಒಂದನ್ನೇ ಆರಿಸಿ. 3 ಅಥವಾ 4 ಎಂದು ನಡುವೆ ಹಾಕಿದರೆ ಎರಡೂ ಪಕ್ಕದವರ ಗದ್ದಲ ಮೈಮೇಲೆ ಬರುತ್ತದೆ.

ಡೆಸ್ಕ್‌ಟಾಪಿನ ಹಿಂದೆ ಸಣ್ಣ ಯುಎಸ್‌ಬಿ ವೈಫೈ ಡಾಂಗಲ್ ಚುಚ್ಚಿರುವವರು ಒಂದು ಕೆಲಸ ಮಾಡಿ ನೋಡಿ. ಅಲ್ಲಿ ಅದು ತಗಡಿನ ಕ್ಯಾಬಿನೆಟ್ ಮತ್ತು ಗೋಡೆಯ ನಡುವೆ ಸಿಕ್ಕಿಕೊಂಡಿರುತ್ತದೆ. ಪಕ್ಕದ ಪೋರ್ಟಿನಲ್ಲಿ ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಇದ್ದರೆ ಅದರಿಂದ ಹೊರಡುವ ರೇಡಿಯೋ ಗದ್ದಲವೂ 2.4 ಗಿಗಾಹರ್ಟ್ಸ್‌ನ ಸುತ್ತಲೇ ಇರುತ್ತದೆ. ಒಂದು ಮೀಟರಿನ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ತನ್ನಿ. ಹೊಸ ರೌಟರ್ ಕೊಳ್ಳುವ ಮೊದಲು ಮಾಡಲೇಬೇಕಾದ ಅಗ್ಗದ ಪರೀಕ್ಷೆ ಇದು.

ವಿಡಿಯೋ ಕರೆ ನಡುನಡುವೆ ಕಡಿಯುವುದಾದರೆ ಎರಡು ಕಮಾಂಡ್ ಪ್ರಾಂಪ್ಟ್ ತೆರೆದು ಒಂದರಲ್ಲಿ ಗೇಟ್‌ವೇಗೆ, ಇನ್ನೊಂದರಲ್ಲಿ 8.8.8.8ಕ್ಕೆ ಪಿಂಗ್ ಮಾಡಿ. ವಿಳಾಸದ ನಂತರ ಜಾಗ ಬಿಟ್ಟು ಹೈಫನ್ ಮತ್ತು ಟಿ ಸೇರಿಸಿದರೆ ಅದು ನಿಲ್ಲದೆ ಓಡುತ್ತದೆ, ನಿಲ್ಲಿಸಲು ಕಂಟ್ರೋಲ್ ಮತ್ತು ಸಿ. ಕಡಿದ ಕ್ಷಣ ಎರಡರಲ್ಲೂ ಟೈಮ್ಡ್ ಔಟ್ ಬಂದರೆ ವೈಫೈ ದುರ್ಬಲ. ಗೇಟ್‌ವೇ ನೆಟ್ಟಗೆ ಉತ್ತರಿಸುತ್ತಿದ್ದು 8.8.8.8 ಮಾತ್ರ ಕಡಿದರೆ ತಪ್ಪು ಹೊರಗಿನದ್ದು. ಆ ಪರದೆಯ ಫೋಟೋ ತೆಗೆದಿಡಿ.

ದೂರು ಕೊಡುವಾಗ, ಲೈನ್‌ಮನ್ ಬಂದಾಗ

ಯಾವ ದೀಪ ಯಾವ ಬಣ್ಣ, ಆರ್‌ಎಕ್ಸ್ ಪವರ್ ಎಷ್ಟು, ಎಷ್ಟು ಗಂಟೆಗೆ ನಿಂತಿತು, ವೈರಿನಲ್ಲಿ ನೋಡಿದ್ದೀರಾ, ಈ ನಾಲ್ಕನ್ನು ಹೇಳಿ. ಡಾಕೆಟ್ ನಂಬರ್ (ದೂರಿನ ಸಂಖ್ಯೆ) ಕೇಳಿ ಪಡೆಯಿರಿ. ದೂರು ಬಗೆಹರಿಯದಿದ್ದರೆ ಅದೇ ಕಂಪನಿಯ ಅಪೀಲು ಪ್ರಾಧಿಕಾರಕ್ಕೆ ಹೋಗಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ 2012ರ ನಿಯಮಾವಳಿಯಲ್ಲಿ ದಾರಿಯಿದೆ, ಅದಕ್ಕೆ ಈ ನಂಬರ್ ಬೇಕು.

ಮಳೆಗಾಲದಲ್ಲಿ ಗುಡುಗು-ಮಿಂಚು ಶುರುವಾಗುವ ಮೊದಲೇ ಅಡಾಪ್ಟರ್ ಪ್ಲಗ್ ತೆಗೆಯುವುದರ ಜೊತೆಗೆ ಕಂಪ್ಯೂಟರಿನ ಲ್ಯಾನ್ ವೈರನ್ನೂ ಬಿಡಿಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆದರೆ ಕರೆಂಟಿನ ಲೈನಿನಿಂದ ಅಡಾಪ್ಟರಿಗೆ ಬಂದ ಹೊಡೆತ ಲ್ಯಾನ್ ವೈರಿನ ತಾಮ್ರದಲ್ಲಿ ಹಾದು ಮದರ್‌ಬೋರ್ಡಿನ ಪೋರ್ಟನ್ನು ಸುಡಬಹುದು. ಪೋರ್ಟ್ ಈಗಾಗಲೇ ಸುಟ್ಟಿದ್ದರೆ ಮದರ್‌ಬೋರ್ಡ್ ಬದಲಿಸುವ ಅಗತ್ಯವಿಲ್ಲ, ಯುಎಸ್‌ಬಿಗೆ ಚುಚ್ಚುವ ಲ್ಯಾನ್ ಅಡಾಪ್ಟರ್ ಸಾಕು.

ಲೈನ್‌ಮನ್ ರಿಪೇರಿ ಮುಗಿಸಿ ಹೊರಡುವ ಮೊದಲು ಆರ್‌ಎಕ್ಸ್ ಪವರ್ ಅಂಕಿ ತೋರಿಸಲು ಹೇಳಿ, ವೈರಿನಲ್ಲಿ ವೇಗ ನೋಡಿ. ಪಿಪಿಪಿಒಇ ಯೂಸರ್‌ನೇಮ್, ಪಾಸ್‌ವರ್ಡ್, ವಿಲ್ಯಾನ್ ಸಂಖ್ಯೆ ಕೇಳಿ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಚೀಟಿಯನ್ನು ಬಿಲ್ಲುಗಳ ಫೈಲಿನಲ್ಲಿಡಿ, ಡಬ್ಬಿಯ ಮೇಲೆ ಅಂಟಿಸಬೇಡಿ.